ಬಟ್ಟೆಗೆ ಕಲೆ ಬೀಳದ ಬಣ್ಣದ ವಾಸನೆ

ಇಳಕಲ್ ಮತ್ತು ಖಣದ ಬಟ್ಟೆಗಳಲ್ಲಿ ಉಡುಪು ಹೊಲಿಸುವ ಮುಂಬೈಯ ಸಣ್ಣ ಫ್ಯಾಷನ್ ಸಂಸ್ಥೆಯೊಂದು ಮತ್ತು ದಾದರಿನಲ್ಲಿರುವ ನಮ್ಮ ಕಡೆಯ ಚಿತ್ರಕಲಾವಿದರೊಬ್ಬರು ಸೇರಿ ಸುಗಂಧ ತಯಾರಿಸುವ ನನ್ನ ಮುಂದಿಟ್ಟ ಬೇಡಿಕೆ ಚಿಕ್ಕದಾಗಿತ್ತು: ತೈಲವರ್ಣ ಒಣಗುತ್ತಿರುವ ಸ್ಟುಡಿಯೊದ ವಾಸನೆ ಬೇಕು, ಬಟ್ಟೆಗೆ ಕಲೆ ಬೀಳಬಾರದು. ಬಣ್ಣದ ಅಂಗಡಿಯ ವಾಸನೆಗೆ ಯಾರು ದುಡ್ಡು ಕೊಡುತ್ತಾರೆ ಎಂದು ಮೊಹಮ್ಮದ್ ಅಲಿ ರಸ್ತೆಯ ಅತ್ತರಿನ ಹಿರಿಯರು ನಕ್ಕಿದ್ದರು. ಮೊದಲ ಕಂತಿನ ಸುಮಾರು 200 ಸೀಸೆಗಳು ದೀಪಾವಳಿಗೆ ಮುನ್ನವೇ ಖಾಲಿಯಾದುದರಿಂದ ಈಗ ಬರೆಯುವ ಧೈರ್ಯ ಬಂದಿದೆ.

ಫ್ಯಾಷನ್ ಸಂಸ್ಥೆ ಮತ್ತು ಕಲಾವಿದರ ಇಂಥ ಜೋಡಿಗಳಲ್ಲಿ ಕಲಾವಿದರ ಪಾಲಿಗೆ ಹೆಚ್ಚಾಗಿ ಬರುವುದು ಸೀಸೆಯ ವಿನ್ಯಾಸ ಮಾತ್ರ. ಪ್ಯಾರಿಸ್‌ನ ಸ್ಕಿಯಾಪರೆಲ್ಲಿ ಫ್ಯಾಷನ್ ಸಂಸ್ಥೆಯ 1937ರ ಸುಗಂಧ 'ಶಾಕಿಂಗ್'ಗೆ ಚಿತ್ರಕಲಾವಿದೆ ಲಿಯೊನೋರ್ ಫಿನಿ ನಟಿ ಮೇ ವೆಸ್ಟ್ ಅವರ ಮೈಮಾಟದ ಸೀಸೆ ರೂಪಿಸಿದರು. ಅದೇ ಸಂಸ್ಥೆಯ ಇನ್ನೊಂದು ಸುಗಂಧಕ್ಕೆ ಚಿತ್ರಕಲಾವಿದ ಸಾಲ್ವಡಾರ್ ಡಾಲಿ ಸೀಸೆ ಮಾಡಿಕೊಟ್ಟರು. ನಮ್ಮ ದಾದರಿನ ಕಲಾವಿದರು ಸೀಸೆಯ ಗೊಡವೆಗೆ ಹೋಗದೆ, ಬ್ಲಾಟರ್ (ವಾಸನೆ ನೋಡುವ ಕಾಗದದ ಪಟ್ಟಿ) ಹಿಡಿದು ನನ್ನ ಪಕ್ಕದಲ್ಲೇ ಕುಳಿತರು.

ಅಗಸೆ ಎಣ್ಣೆಯನ್ನೇ ಹಾಕಬೇಕೆಂಬುದು ಅವರ ಹಟವಾಗಿತ್ತು. ಅದು ಸುಗಂಧವನ್ನು ಕರಗಿಸುವ ಸ್ಪಿರಿಟ್‌ನಲ್ಲಿ (ಆಲ್ಕೋಹಾಲ್) ಕರಗದೆ ತಳದಲ್ಲಿ ಹನಿಗಟ್ಟಿ ನಿಂತಿತು. ಗಾಳಿ ತಾಗಿ ಎಣ್ಣೆ ಒಣಗುವಾಗ ಹುಟ್ಟುವ ಹೆಕ್ಸನಾಲ್‌ನಂಥ ಆಲ್ಡಿಹೈಡುಗಳೆಂಬ ರಾಸಾಯನಿಕಗಳೇ ಆ ವಾಸನೆಯ ಜೀವವಾದ್ದರಿಂದ, ಎಣ್ಣೆಯನ್ನು ಬಿಟ್ಟು ಅವುಗಳನ್ನೇ ಹಿಡಿದೆ. ಶೇಕಡಾ 1ರ ದ್ರಾವಣದಲ್ಲೂ ಹನಿ ಹೆಚ್ಚಾದರೆ ಕಮಟು ಹಿಡಿದ ಚಕ್ಕುಲಿ ಡಬ್ಬಿಯನ್ನು ತೆರೆದಂತಾಗುತ್ತಿತ್ತು. ತೈಲವರ್ಣವನ್ನು ತೆಳುವಾಗಿಸುವ ಟರ್ಪೆಂಟೈನ್‌ನ ವಾಸನೆಯ ಅಂಶವಾದ ಪೈನೀನ್ ಬೇಗ ಹಾರಿಹೋಗುತ್ತದೆ. ಒಲಿಬ್ಯಾನಮ್ (ಧೂಪಕ್ಕೆ ಬಳಸುವ ಮರದಂಟು) ಎಣ್ಣೆಯಲ್ಲೂ ಪೈನೀನ್ ಇರುವುದರಿಂದ ಅದನ್ನು ಬೆನ್ನಿಗೆ ಕೊಟ್ಟು, ಕೊನೆಯವರೆಗೂ ನಿಲ್ಲುವ ತಳದ ವಾಸನೆಗೆ ಲಾವಂಚವನ್ನು ಹಾಕಿದೆ. ಇವೆರಡನ್ನೂ ಬೆಸೆಯುವ ಮೂರನೆಯದೊಂದಿದೆ. ಅದು ನನ್ನಲ್ಲೇ ಇರಲಿ.

ಹಣ ಹೋದದ್ದು ಮಲ್ಲಿಗೆಯಲ್ಲಿ. ಸಂಸ್ಥೆಯವರ ಒತ್ತಾಯಕ್ಕೆ ದುಂಡುಮಲ್ಲಿಗೆಯ ಅಬ್ಸಲ್ಯೂಟ್ (ಹೂವಿನ ಗಾಢ ಸಾರ) ತರಿಸಿ, ಜೊತೆಗೆ ವೆನಿಲಾ ಪರಿಮಳದ ವೆನಿಲಿನ್ ಸೇರಿಸಿ, ಬಿಳಿ ಮಲ್ಮಲ್ ತುಂಡಿಗೆ ಸಿಂಪಡಿಸಿ ಬಿಸಿಲಿಗಿಟ್ಟರೆ ವಾರದೊಳಗೆ ಬಟ್ಟೆ ಕಂದಿತು. ಮಲ್ಲಿಗೆಯಲ್ಲಿರುವ ಇಂಡೋಲ್ ಎಂಬ ರಾಸಾಯನಿಕ ಮತ್ತು ವೆನಿಲಿನ್ ಎರಡೂ ಬಣ್ಣಗೆಡುವ ಜಾತಿಯವು. ಮೂವತ್ತೈದೋ ನಲವತ್ತೋ ಸಾವಿರ ರೂಪಾಯಿ ಅಲ್ಲಿಗೆ ಮುಗಿಯಿತು. 1966ರ 'ಓ ಸೊವಾಜ್' ಸುಗಂಧದಲ್ಲಿ ಅದರ ತಯಾರಕ ಎಡ್ಮಂಡ್ ರೂಡ್ನಿಟ್ಸ್ಕಾ ಬಳಸಿದ, ಮಲ್ಲಿಗೆಯ ಛಾಯೆಯ ಕೃತಕ ದ್ರವ್ಯ ಹೆಡಿಯೋನ್ ಅಗ್ಗದ್ದು, ಕಲೆಯೂ ಬೀಳಿಸದು. ಮಲ್ಲಿಗೆಯ ನೆರಳಿಗೆ ಅದೇ ಸಾಕಾಯಿತು.

ಇದರ ನಡುವೆ ದಾದರ್ ಹೂಮಾರುಕಟ್ಟೆಯ ಮಲ್ಲಿಗೆಯನ್ನು ಕೊಬ್ಬಿನ ಮೇಲೆ ಹರಡಿ ಪರಿಮಳವಿಳಿಸಲು ಹೋದೆ. ಮೇ ತಿಂಗಳ ಸೆಕೆಗೆ ಕೊಬ್ಬೇ ಕರಗಿ ಹರಿಯಿತು. ಕನೌಜಿನ ಮಿಟ್ಟಿ ಅತ್ತರು (ಮಳೆಗೆ ನೆನೆದ ಮಣ್ಣಿನ ವಾಸನೆಯದು) ಸೊಗಸಾಗಿ ಕೂತಿತಾದರೂ ಅದರ ತಳದ ಗಂಧದೆಣ್ಣೆ ಮಿಕ್ಕದ್ದನ್ನೆಲ್ಲ ನುಂಗಿತು. ಆ ಪಾಕವನ್ನು ಬೇರೆ ಕೆಲಸಕ್ಕೆಂದು ಎತ್ತಿಟ್ಟಿದ್ದೇನೆ.

ಸ್ಪಿರಿಟ್ ಬಳಸಲು ಬೇಕಾದ ಪರವಾನಗಿಯ ರಗಳೆ ಬಲ್ಲವರಿಗೆ ಗೊತ್ತೇ ಇದೆ. ಹಾಗಾಗಿ ಮುಂಬೈ ಬಳಿಯ ವಸಈಯ ಪರವಾನಗಿದಾರ ಘಟಕವೊಂದರಲ್ಲಿ ತುಂಬಿಸಿದೆ. ತಿಂಗಳಿಗೂ ಹೆಚ್ಚು ಕಾಲ ಮಾಗಿಸಿ, ತಣಿಸಿ ಸೋಸಿದ ಮೇಲೆ 50 ಮಿಲಿಲೀಟರ್ ಸೀಸೆಗೆ ಸುಮಾರು 650 ರೂಪಾಯಿ ಖರ್ಚು ಬಿತ್ತು, 2,800ಕ್ಕೆ ಮಾರಾಟವಾಯಿತು. ಎರಡನೆಯ ಕಂತಿಗೆ ಸ್ಪಿರಿಟ್‌ಗೆ ಬೆರೆಸುವ ಸುಗಂಧದ ಪ್ರಮಾಣವನ್ನು ಶೇಕಡಾ 15ರಿಂದ 12ಕ್ಕೆ ಇಳಿಸೋಣವೆಂದು ಸಂಸ್ಥೆಯವರು ಕೇಳಿದರು. ಹೆಕ್ಸನಾಲ್‌ನ ತೂಕ ತಪ್ಪುತ್ತದೆಂದು ನಾನು ಒಪ್ಪಲಿಲ್ಲ. ಉಳಿತಾಯವನ್ನು ಪೆಟ್ಟಿಗೆಯ ಕಾಗದದಲ್ಲಿ ಮಾಡಿಕೊಂಡರು.