ಹೊಸ ಕಂಪ್ಯೂಟರಿಗೆ ಫೈಲಿನ ಜೊತೆ ಫಾಂಟೂ ಬರಲಿ

ತಿಪಟೂರಿನಲ್ಲಿ ನನ್ನದು ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಕರಾರುಪತ್ರ, ಶಾಲೆಯ ಸ್ಮರಣ ಸಂಚಿಕೆ ಎಲ್ಲ ಮಾಡುತ್ತೇವೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ನಿಂತಿತಲ್ವಾ, ಆಮೇಲೆ ಹೊಸ ಕಂಪ್ಯೂಟರ್ ತಗೊಂಡವರು ಪೆನ್‌ಡ್ರೈವ್ ಹಿಡಿದು ಬರುತ್ತಾರೆ. "ಫೈಲೆಲ್ಲ ಬಂದಿದೆ, ಕನ್ನಡ ಮಾತ್ರ ಹೋಗಿದೆ" ಅನ್ನುತ್ತಾರೆ.

ಕನ್ನಡ ಎಲ್ಲಿಗೂ ಹೋಗಿರುವುದಿಲ್ಲ. ಕನ್ನಡ ಟೈಪ್ ಮಾಡುವ ತಂತ್ರಾಂಶಗಳಾದ ನುಡಿ, ಬರಹದ ಹಳೆಯ ಫಾಂಟುಗಳು ಯೂನಿಕೋಡ್ ಅಲ್ಲ, ಅಂದರೆ ಪ್ರತಿ ಭಾಷೆಯ ಅಕ್ಷರಕ್ಕೂ ತನ್ನದೇ ಸಂಕೇತ ಕೊಡುವ ಈಗಿನ ಪದ್ಧತಿಯವಲ್ಲ. ಫೈಲಿನೊಳಗೆ ಇರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳು. ಅವನ್ನು ಕನ್ನಡವಾಗಿ ತೋರಿಸುವುದು ಫಾಂಟು. ಬೇಕಿದ್ದರೆ ನುಡಿಯ ಹಳೆ ಫಾಂಟಿನಲ್ಲಿ 'ಕನ್ನಡ' ಎಂದು ಟೈಪ್ ಮಾಡಿ, ಫಾಂಟನ್ನು ಏರಿಯಲ್‌ಗೆ ಬದಲಿಸಿ ನೋಡಿ. 'ನ' ಇದ್ದ ಜಾಗದಲ್ಲಿ ಪೌಂಡ್ ಚಿಹ್ನೆ, ಅದರ ಪಕ್ಕ ಮೇಲೆ ಗೀಟು ಹಾಕಿದ ಇಂಗ್ಲಿಷ್ ಎ.

ಹಾಗಾಗಿ ಮೊದಲ ಕೆಲಸ ಫಾಂಟಿನದು. ಸಿ ಡ್ರೈವಿನ ವಿಂಡೋಸ್ ಫೋಲ್ಡರಿನಲ್ಲಿ ಫಾಂಟ್ಸ್ ತೆರೆಯಿರಿ. ನುಡಿಯದಕ್ಕೆ Nudi, ಬರಹದ್ದಕ್ಕೆ BRH ಎಂದು ಹುಡುಕಿ, ಸಿಕ್ಕಿದ್ದನ್ನೆಲ್ಲ ಕಾಪಿ ಮಾಡಿ ಬೇರೆ ಫೋಲ್ಡರಿಗೆ ಹಾಕಿ. ಅಲ್ಲಿ ಸಿಗದಿದ್ದರೆ ನಿಮ್ಮ ಯೂಸರ್ ಫೋಲ್ಡರಿನ ಆಪ್‌ಡೇಟಾದಲ್ಲಿ ನೋಡಿ. ಅದು ಮರೆಯಲ್ಲಿರುತ್ತದೆ, ವ್ಯೂ ಮೆನುವಿನಲ್ಲಿ ಹಿಡನ್ ಐಟಮ್ಸ್ ಆನ್ ಮಾಡಬೇಕು. ಹೊಸ ಕಂಪ್ಯೂಟರಿನಲ್ಲಿ ಈ ಫಾಂಟುಗಳ ಮೇಲೆ ರೈಟ್ ಕ್ಲಿಕ್ ಮಾಡಿ ಇನ್‌ಸ್ಟಾಲ್ ಕೊಟ್ಟರೆ ಆಯಿತು.

ಪುಟ ವಿನ್ಯಾಸದ ಹಳೆಯ ತಂತ್ರಾಂಶ ಪೇಜ್‌ಮೇಕರ್‌ನ ಫೈಲುಗಳಿದ್ದರೆ ಹಳೆಯ ಯಂತ್ರ ಓಡುತ್ತಿರುವಾಗಲೇ ಮುಖ್ಯವಾದವನ್ನೆಲ್ಲ ಪಿಡಿಎಫ್ ಮಾಡಿಕೊಳ್ಳಿ. ಅದರ ಜಾಗಕ್ಕೆ ಬಂದ ಇನ್‌ಡಿಸೈನ್‌ನ ಈಗಿನ ಆವೃತ್ತಿ ಅವನ್ನು ತೆರೆಯುವುದಿಲ್ಲ. ಯೂನಿಕೋಡಿಗೆ ಬದಲಿಸುವುದು ಒಳ್ಳೆಯದೇ, ನುಡಿಯಲ್ಲೂ ಬರಹದಲ್ಲೂ ಅದಕ್ಕೆ ಕನ್ವರ್ಟರ್ ಇದೆ. ಆದರೆ ಮಧ್ಯೆ ಇಂಗ್ಲಿಷ್ ಪದ ಇದ್ದರೆ ಅದೂ ಅರ್ಥವಿಲ್ಲದ ಕನ್ನಡ ಆಗಿಬಿಡುತ್ತದೆ. ಕೂತು ಓದಿ ತಿದ್ದಲೇಬೇಕು. ಮೂಲ ಫೈಲು ಅಳಿಸಬೇಡಿ.

ಉಳಿದದ್ದು ಸುಲಭ. ಹೊರಗಿನ ಹಾರ್ಡ್‌ಡಿಸ್ಕ್ ತಂದು ಯೂಸರ್ ಫೋಲ್ಡರ್ ಪೂರ್ತಿ ಕಾಪಿ ಮಾಡಿ. ಕಟ್ ಬೇಡ, ಮಧ್ಯೆ ಕರೆಂಟ್ ಹೋದರೆ ಯಾವುದು ಎಲ್ಲಿದೆ ಅನ್ನುವುದೇ ಗೊತ್ತಾಗಲ್ಲ. ಡಿಸ್ಕಿನ ಫಾರ್ಮ್ಯಾಟ್ ಫ್ಯಾಟ್32 ಆಗಿದ್ದರೆ 4 ಜಿಬಿಗಿಂತ ದೊಡ್ಡ ಫೈಲು, ಅಂದರೆ ಮದುವೆ ವಿಡಿಯೋದಂಥದ್ದು, ಅದರಲ್ಲಿ ಕೂರುವುದಿಲ್ಲ. ಎಕ್ಸ್‌ಫ್ಯಾಟ್ ಮಾಡಿಕೊಳ್ಳಿ. ಫಾರ್ಮ್ಯಾಟ್ ಮಾಡಿದರೆ ಡಿಸ್ಕಿನಲ್ಲಿದ್ದದ್ದು ಹೋಗುತ್ತದೆ, ಮೊದಲೇ ಖಾಲಿ ಮಾಡಿ. ಡಿ ಡ್ರೈವ್ ಮರೆಯಬೇಡಿ. ಲೆಕ್ಕಪತ್ರಕ್ಕೆ ಟ್ಯಾಲಿ ಬಳಸುವವರು ಅದರ ಡೇಟಾ ಫೋಲ್ಡರ್ ಎಲ್ಲಿದೆ ಎಂದು ಟ್ಯಾಲಿಯೊಳಗೇ ನೋಡಿ ಬರೆದಿಟ್ಟುಕೊಳ್ಳಿ.

ಫೈಲುಗಳನ್ನು ಇಂಟರ್ನೆಟ್ಟಿನಲ್ಲಿ ಇಡುವ ಮೈಕ್ರೋಸಾಫ್ಟ್‌ನ ಒನ್‌ಡ್ರೈವ್ ಇದ್ದರೆ ಹುಷಾರು. ಫೈಲಿನ ಪಕ್ಕ ಮೋಡದ ಗುರುತಿದ್ದರೆ ಅದು ನಿಮ್ಮ ಡಿಸ್ಕಿನಲ್ಲಿಲ್ಲ, ಹೆಸರು ಮಾತ್ರ ಇದೆ. ರೈಟ್ ಕ್ಲಿಕ್ ಮಾಡಿ 'ಆಲ್ವೇಸ್ ಕೀಪ್ ಆನ್ ದಿಸ್ ಡಿವೈಸ್' ಒತ್ತಿ, ಇಳಿದ ಮೇಲೆ ಕಾಪಿ ಮಾಡಿ. ಸಿಂಕ್ ಆಗ್ತಿದೆಯಲ್ಲ, ಬ್ಯಾಕಪ್ ಯಾಕೆ ಅನ್ನುವವರಿದ್ದಾರೆ. ಇಲ್ಲಿ ಅಳಿಸಿದರೆ ಅಲ್ಲೂ ಅಳಿಯುತ್ತದೆ. ರೀಸೈಕಲ್ ಬಿನ್ನಿನಲ್ಲಿ ಒಂದಷ್ಟು ದಿನ ಇರುತ್ತದೆ, ಅಷ್ಟೇ.

ಕ್ರೋಮಿನ ಪಾಸ್‌ವರ್ಡುಗಳು ಗೂಗಲ್ ಖಾತೆಯಲ್ಲಿ ಸಿಂಕ್ ಆಗಿದ್ದರೆ ತಾವೇ ಬರುತ್ತವೆ. ಇಲ್ಲದಿದ್ದರೆ ಎಕ್ಸ್‌ಪೋರ್ಟ್ ಮಾಡಿ ಒಯ್ಯಬೇಕು. ಆ ಫೈಲನ್ನು ಯಾರು ಬೇಕಾದರೂ ಓದಬಹುದು, ಕೆಲಸ ಆದ ತಕ್ಷಣ ಅಳಿಸಿ. ಹಳೆಯ ಲ್ಯಾಪ್‌ಟಾಪಿನಲ್ಲಿ ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಆನ್ ಇದ್ದರೆ ಅದರ 48 ಅಂಕೆಯ ರಿಕವರಿ ಕೀ ಕಾಗದದಲ್ಲಿ ಬರೆದಿಡಿ. ಅದು ಇಲ್ಲದೆ ಆ ಡಿಸ್ಕನ್ನು ಬಿಚ್ಚಿ ಬೇರೆ ಕಡೆ ಹಾಕಿ ಓದಲು ಆಗುವುದಿಲ್ಲ.

ಕಾಪಿ ಮುಗಿದ ಮೇಲೆ ಎರಡೂ ಕಡೆ ಪ್ರಾಪರ್ಟೀಸ್ ತೆರೆದು ಫೈಲುಗಳ ಸಂಖ್ಯೆ ಹೋಲಿಸಿ. ಹತ್ತಿಪ್ಪತ್ತು ಫೈಲು ತೆರೆದೂ ನೋಡಿ, ಅದರಲ್ಲಿ ಕನ್ನಡದ್ದು ಇರಲಿ. ಒಂದು ತಿಂಗಳು ಹಳೆಯ ಕಂಪ್ಯೂಟರ್ ಯಾರಿಗೂ ಕೊಡಬೇಡಿ. ಆಮೇಲೆ ಕೊಡುವಾಗ ರೀಸೆಟ್‌ನಲ್ಲಿ ಎಲ್ಲ ತೆಗೆಯುವ ಆಯ್ಕೆಯ ಜೊತೆ 'ಕ್ಲೀನ್ ಡೇಟಾ' ಕೂಡ ಆನ್ ಮಾಡಿ.