ರವದಿಗೆ ಕಡ್ಡಿ ಗೀರುವ ಮುನ್ನ

ಮುಧೋಳ, ಜಮಖಂಡಿ, ಅಥಣಿ ಕಡೆ ಕಬ್ಬು ಕಡಿಯುವ ಗ್ಯಾಂಗ್ ಹೊಲ ಬಿಟ್ಟ ಸಂಜೆಯೇ ಎಷ್ಟೋ ಕಡೆ ರವದಿಗೆ, ಅಂದರೆ ಹೊಲದಲ್ಲಿ ಉಳಿದ ಕಬ್ಬಿನ ಒಣ ಎಲೆಗೆ, ಬೆಂಕಿ ಬೀಳುತ್ತದೆ. ಮೂರು ವರ್ಷದ ಹಿಂದೆ ಪಕ್ಕದ ಹೊಲದ ಬೆಂಕಿ ಬದು ದಾಟಿ ಬಂದು ನಮ್ಮ ಡ್ರಿಪ್ ಪೈಪುಗಳನ್ನು ಕರಗಿಸಿತು. ನೆಲಕ್ಕೆ ಅಂಟಿದ ಪೈಪನ್ನು ಕುರ್ಚಿಗಿಯಿಂದ ಕೆರೆದು ಬಿಡಿಸಬೇಕಾಯಿತು.

ಹೊಲ ನಮ್ಮದೆಂದು ಹೇಗೆ ಬೇಕಾದರೂ ಬೆಂಕಿ ಹಚ್ಚುವಂತಿಲ್ಲ. ಜನರ ಜೀವಕ್ಕೆ ಅಪಾಯವಾಗುವಂತೆ ಬೆಂಕಿಯ ವಿಷಯದಲ್ಲಿ ನಿರ್ಲಕ್ಷ್ಯ ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ 287ನೇ ಕಲಮಿನಡಿ 6 ತಿಂಗಳವರೆಗೆ ಜೈಲು, ಇಲ್ಲವೇ 2,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ಊರಿನ ಕಸ ಸುಡುವುದಕ್ಕೂ ನಿಷೇಧವಿದೆ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲಿ ಬಯಲಲ್ಲಿ ಕಸ ಸುಟ್ಟವರಿಗೆ 5,000 ರೂಪಾಯಿ, ರಾಶಿಗಟ್ಟಲೆ ಸುಟ್ಟವರಿಗೆ 25,000 ರೂಪಾಯಿ ಪರಿಹಾರ ಮೊತ್ತ ನಿಗದಿ ಮಾಡಿತು. ಖಾನಾಪುರದಂಥ ಕಾಡಂಚಿನ ಊರುಗಳಲ್ಲಿ ಅರಣ್ಯ ಕಾಯ್ದೆಯೂ ಅಡ್ಡ ಬರುತ್ತದೆ.

ಸುಡದೆ ಏನು ಮಾಡಬೇಕು? ಎಕರೆಗೆ ಮೂರು-ನಾಲ್ಕು ಟನ್ ರವದಿ ಬೀಳುತ್ತದೆ, ಅದು ಗೊಬ್ಬರವೇ. ಕಟಾವಾದ ವಾರದೊಳಗೆ ಕೂಳೆಯನ್ನು (ಮತ್ತೆ ಚಿಗುರುವ ಕಬ್ಬಿನ ಬುಡವನ್ನು) ನೆಲಮಟ್ಟಕ್ಕೆ ಸವರಿ. ರವದಿಯನ್ನು ಒಂದು ಸಾಲು ಬಿಟ್ಟು ಒಂದು ಸಾಲಿಗೆ ಎಳೆದು ಹಾಸಿ. ಟ್ರ್ಯಾಕ್ಟರಿನ ಪುಡಿ ಮಾಡುವ ಯಂತ್ರ ಬಾಡಿಗೆಗೆ ಸಿಕ್ಕರೆ ಇನ್ನೂ ಒಳ್ಳೆಯದು. ಕೂಳೆಯ ನೆತ್ತಿಯ ಮೇಲೆ ಮಾತ್ರ ರವದಿ ಉಳಿಯಬಾರದು. ಉಳಿದರೆ ಮೊಳಕೆ ಬಿಸಿಲು ಕಾಣದೆ ಹಳದಿಯಾಗುತ್ತದೆ.

ಇಷ್ಟು ಮಾಡಿ ಸುಮ್ಮನಾಗುವುದೇ ಬಹಳ ರೈತರು ಮಾಡುವ ತಪ್ಪು. ರವದಿಯಲ್ಲಿ ಸಾರಜನಕ ಕಡಿಮೆ. ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕಕ್ಕೇ ಬಾಯಿ ಹಾಕುತ್ತವೆ, ಬೆಳೆ ಸೊರಗುತ್ತದೆ, ಆಮೇಲೆ 'ರವದಿ ಬಿಟ್ಟು ಕೆಟ್ಟೆ' ಎಂಬ ಮಾತು ಬರುತ್ತದೆ. ಅದಕ್ಕೇ ಟನ್ ರವದಿಗೆ 8 ಕೆಜಿ ಯೂರಿಯಾ, 10 ಕೆಜಿ ಸೂಪರ್ ಫಾಸ್ಫೇಟ್ ಎರಚಿ. 1 ಕೆಜಿ ಕೊಳೆಸುವ ಜೀವಾಣು ಪುಡಿಯನ್ನು ಸಗಣಿ ರಾಡಿಯಲ್ಲಿ ಕಲಸಿ ಚಿಮುಕಿಸಿ, ಕೂಡಲೇ ನೀರು ಹಾಯಿಸಿ. ಕೆಲವು ವಾರ ಕಳೆದು ಹಾಸು ಎತ್ತಿ ನೋಡಿ: ಮೇಲೆ ಒಣಗಿದ್ದರೂ ಅಡಿಯಲ್ಲಿ ತೇವ, ಬಿಳಿ ಬೂಜು, ಎರೆಹುಳು. ಬೇಸಿಗೆಯಲ್ಲಿ ಕಾಲುವೆ ನೀರಿನ ಪಾಳಿ ತಪ್ಪಿದಾಗ ಈ ತೇವವೇ ಕೂಳೆಯನ್ನು ಹಿಡಿದಿಡುತ್ತದೆ.

ಇನ್ನೊಬ್ಬರ ಬೆಂಕಿ ನಿಮ್ಮ ಹೊಲದತ್ತ ಬಂದರೆ ಮೊದಲು 112ಕ್ಕೆ ಕರೆ ಮಾಡಿ ಊರು, ಹೊಲದ ಗುರುತು ಹೇಳಿ. ಮೇಲೆ ವಿದ್ಯುತ್ ತಂತಿ ಇದ್ದರೆ 1912ಕ್ಕೂ ತಿಳಿಸಿ. ಬೆಂಕಿ ಬರುವ ದಿಕ್ಕಿನ ಬದುವಿನಲ್ಲಿ ರವದಿ ಎಳೆದು ಬರಿ ನೆಲ ಮಾಡಿ. ಉರಿಯ ಎದುರು ಮಾತ್ರ ನಿಲ್ಲಬೇಡಿ. ಹಾನಿಯಾಗಿದ್ದರೆ ಫೋಟೊ ತೆಗೆದು, ಠಾಣೆಗೆ ದೂರು ಕೊಟ್ಟು, ತಲಾಟಿಯವರನ್ನು (ಗ್ರಾಮ ಲೆಕ್ಕಿಗರನ್ನು) ಕರೆಸಿ. ಪಂಚನಾಮೆ ಆಗುವವರೆಗೆ ಸುಟ್ಟ ಪೈಪನ್ನು ಎತ್ತಬೇಡಿ, ಹೊಲಕ್ಕೆ ನೇಗಿಲು ಇಳಿಸಬೇಡಿ.