ಜಪಾನಿನಲ್ಲಿ ಬ್ಯಾಂಕ್ ಕಾರ್ಡ್ ಇಲ್ವಾ? ಕೊಂಬಿನಿಗೆ ಹೋಗಿ ದುಡ್ಡು ಕಟ್ಟಿ

ಓದಲೋ ಕೆಲಸಕ್ಕೋ ಜಪಾನಿಗೆ ಹೋದವರಿಗೆ ಮೊದಲ ತಿಂಗಳಲ್ಲೇ ಎದುರಾಗುವ ಫಜೀತಿ ಇದು. ಮನೆ ಸಿಕ್ಕಿರುತ್ತದೆ, ಒಳಗೆ ಏನೂ ಇರುವುದಿಲ್ಲ. ಹಾಸಿಗೆ, ಕುಕ್ಕರ್, ತೊಗರಿಬೇಳೆ ಎಲ್ಲವೂ ಆನ್‌ಲೈನ್‌ನಲ್ಲಿ ಸಿಗುತ್ತವೆ. ಆದರೆ ಕೈಯಲ್ಲಿ ಅಲ್ಲಿನ ಕಾರ್ಡ್ ಇಲ್ಲ. ಬಂದು 6 ತಿಂಗಳಾಗದ ವಿದೇಶಿಯರಿಗೆ ಖಾತೆ ಕೊಡಲು ಹಲವು ಬ್ಯಾಂಕುಗಳು ಹಿಂದೆಮುಂದೆ ನೋಡುತ್ತವೆ. ಖಾತೆ ಸಿಕ್ಕರೂ ಕ್ರೆಡಿಟ್ ಕಾರ್ಡ್ ಬೇಗ ಸಿಗುವುದಿಲ್ಲ.

ಊರಿಂದ ತಂದ ಕಾರ್ಡನ್ನೇ ಮೊದಲು ಹಾಕಿ ನೋಡಿ. ರಿಸರ್ವ್ ಬ್ಯಾಂಕಿನ 2020ರ ನಿಯಮದಂತೆ ಹೊಸ ಕಾರ್ಡುಗಳಲ್ಲಿ ಆನ್‌ಲೈನ್ ಬಳಕೆಯೂ ವಿದೇಶಿ ಬಳಕೆಯೂ ಬಂದ್ ಆಗಿರುತ್ತವೆ. ಬ್ಯಾಂಕಿನ ಆ್ಯಪ್‌ನಲ್ಲಿ ಎರಡನ್ನೂ ಆನ್ ಮಾಡಿ, ಮಿತಿಯನ್ನೂ ನೋಡಿಕೊಳ್ಳಿ. ಮುಂದಿನ ತೊಡಕು ಒಟಿಪಿಯದು. ಅದು ಊರಿನ ನಂಬರಿಗೇ ಬರುತ್ತದೆ, ಹಾಗಾಗಿ ಹೊರಡುವ ಮೊದಲೇ ಆ ಸಿಮ್‌ಗೆ ರೋಮಿಂಗ್ ಹಾಕಿಸಿಕೊಳ್ಳಿ. ಜಪಾನಿನ ಆನ್‌ಲೈನ್ ಅಂಗಡಿಗಳು 2025ರ ಮಾರ್ಚ್ ಕೊನೆಯೊಳಗೆ ಈ ಥರದ ಹೆಚ್ಚುವರಿ ದೃಢೀಕರಣ ತರಬೇಕೆಂದು ಅಲ್ಲಿ ಗೊತ್ತುಮಾಡಿದ್ದರು. ಹಾಗಾಗಿ ಸುಮ್ನೆ ಕಾರ್ಡ್ ನಂಬರ್ ಹೊಡೆದರೆ ಸಾಲುವುದಿಲ್ಲ. ಇಷ್ಟಾದರೂ ವಿದೇಶಿ ಕಾರ್ಡ್ ಒಪ್ಪದ ಅಂಗಡಿಗಳು ಇದ್ದೇ ಇವೆ. ಜೊತೆಗೆ ನಮ್ಮ ಎಷ್ಟೋ ಬ್ಯಾಂಕುಗಳು ವಿದೇಶಿ ಖರೀದಿಗೆ ಶೇ 3.5ರ ಹತ್ತಿರ ಶುಲ್ಕ, ಅದರ ಮೇಲೆ ಜಿಎಸ್‌ಟಿ ಹಾಕುತ್ತವೆ.

ನನ್ನ ಕೇಳಿದರೆ, ಇದಕ್ಕಿಂತ ಕೊಂಬಿನಿಯೇ ವಾಸಿ. ಕೊಂಬಿನಿ ಅಂದರೆ ಸೆವೆನ್ ಇಲೆವೆನ್, ಲಾಸನ್, ಫ್ಯಾಮಿಲಿಮಾರ್ಟ್‌ನಂಥ ಚಿಕ್ಕ ಅಂಗಡಿಗಳು. ಬಹುಪಾಲು ಹಗಲೂ ರಾತ್ರಿ ತೆರೆದೇ ಇರುತ್ತವೆ. ಆನ್‌ಲೈನ್ ಆರ್ಡರಿನ ದುಡ್ಡನ್ನು ಅಲ್ಲಿ ನಗದಾಗಿ ಕಟ್ಟಬಹುದು. ಜಪಾನೀಯರೂ ಕಟ್ಟುತ್ತಾರೆ, ನಾಚಿಕೊಳ್ಳುವಂಥದ್ದೇನಿಲ್ಲ.

ಆರ್ಡರ್ ಮಾಡುವಾಗ ಪಾವತಿಯ ಪಟ್ಟಿಯಲ್ಲಿ ಕೊಂಬಿನಿ ಆಯ್ಕೆ ಮಾಡಿ. ಅಮೆಜಾನ್ ಜಪಾನ್‌ನಲ್ಲೂ ಇದಿದೆ. ಹೆಸರನ್ನು ಕತಕನ ಎಂಬ ಜಪಾನಿ ಲಿಪಿಯಲ್ಲಿ ಕೇಳುವುದುಂಟು. ನಿಮ್ಮ ಹೆಸರನ್ನು ಒಮ್ಮೆ ಆ ಲಿಪಿಯಲ್ಲಿ ಬರೆಸಿ ಫೋನಿನಲ್ಲಿ ಇಟ್ಟುಕೊಂಡರೆ ಎಲ್ಲ ಕಡೆ ಅದನ್ನೇ ಹಾಕಬಹುದು. ಆರ್ಡರ್ ಆದ ಮೇಲೆ ಪಾವತಿ ನಂಬರ್ ಮತ್ತು ಕೊನೆಯ ದಿನ ಬರೆದ ಮೇಲ್ ಬರುತ್ತದೆ. ದುಡ್ಡು ಕಟ್ಟುವವರೆಗೆ ಸಾಮಾನು ಹೊರಡುವುದಿಲ್ಲ. ಕೊನೆಯ ದಿನ ದಾಟಿತೋ, ಆರ್ಡರ್ ರದ್ದು.

ಸೆವೆನ್ ಇಲೆವೆನ್‌ನಲ್ಲಿ ಕೆಲಸ ಸಲೀಸು. ಕೌಂಟರಿನಲ್ಲಿ ಫೋನಿನ ಬಾರ್‌ಕೋಡನ್ನೋ 13 ಅಂಕಿಯ ನಂಬರನ್ನೋ ತೋರಿಸಿ, ‘ಇಂಟಾನೆಟ್ಟೊ ಶಿಹರಾಯ್’ ಅಂದರೆ ಸಾಕು. ಶಿಹರಾಯ್ ಅಂದರೆ ಪಾವತಿ. ಲಾಸನ್‌ನಲ್ಲಿ ಮಾತ್ರ ಮೊದಲು ಲೊಪ್ಪಿ ಎಂಬ ಕೆಂಪು ಯಂತ್ರದ ಮುಂದೆ ನಿಲ್ಲಬೇಕು. ಪರದೆಯ ತುಂಬ ಜಪಾನೀಸ್, ಗಾಬರಿಯಾಗುತ್ತದೆ ನಿಜ. ಅನುವಾದದ ಆ್ಯಪ್ ತೆರೆದು ಕ್ಯಾಮೆರಾ ಹಿಡಿಯಿರಿ. ‘ನಂಬರ್ ಇರುವವರು’ ಎಂಬರ್ಥದ ಬಟನ್ ಕಾಣುತ್ತದೆ. ಅದನ್ನು ಒತ್ತಿ ಮೇಲ್‌ನಲ್ಲಿರುವ ನಂಬರ್ ಹಾಕಿ, ಕೇಳಿದರೆ ಫೋನ್ ನಂಬರನ್ನೂ ಕೊಡಿ. ಯಂತ್ರ ಒಂದು ಚೀಟಿ ಕೊಡುತ್ತದೆ. ಅದು 30 ನಿಮಿಷ ಮಾತ್ರ ನಡೆಯುತ್ತದೆ. ಆದ್ದರಿಂದ ಚೀಟಿ ಹಿಡಿದುಕೊಂಡು ಅನ್ನದುಂಡೆ ಆರಿಸುತ್ತಾ ನಿಲ್ಲಬೇಡಿ, ಸೀದಾ ಕೌಂಟರಿಗೆ ಹೋಗಿ. ನಿಮ್ಮ ಕಡೆಗಿರುವ ಪರದೆಯಲ್ಲಿ ಮೊತ್ತ ಬರುತ್ತದೆ, ಸರಿಯಿದ್ದರೆ ಒಪ್ಪಿಗೆ ಒತ್ತಿ. ಇಲ್ಲಿ ಕ್ರೆಡಿಟ್ ಕಾರ್ಡ್ ನಡೆಯುವುದಿಲ್ಲ, ಯೆನ್ ನೋಟು ಇರಲಿ. ರಸೀದಿಯನ್ನು ಸಾಮಾನು ಕೈಗೆ ಬರುವವರೆಗೆ ಎಸೆಯಬೇಡಿ.

ನೋಟು ಎಲ್ಲಿಂದ ಅಂತೀರಾ? ಸೆವೆನ್ ಇಲೆವೆನ್‌ ಅಂಗಡಿಗಳಲ್ಲೇ ಇರುವ ಸೆವೆನ್ ಬ್ಯಾಂಕ್ ಎಟಿಎಂನಲ್ಲಿ ನಮ್ಮ ವೀಸಾ, ಮಾಸ್ಟರ್‌ಕಾರ್ಡ್ ನಡೆಯುತ್ತವೆ, ಇಂಗ್ಲಿಷ್ ಪರದೆಯೂ ಇದೆ. ರುಪಾಯಿಗೆ ಪರಿವರ್ತಿಸಿ ಲೆಕ್ಕ ಹಾಕಲೇ ಎಂದು ಯಾವುದಾದರೂ ಎಟಿಎಂ ಕೇಳಿದರೆ ಬೇಡವೆನ್ನಿ, ಯೆನ್‌ನಲ್ಲೇ ಇರಲಿ. ಎಟಿಎಂ ಹಾಕುವ ರುಪಾಯಿ ದರ ಸಾಮಾನ್ಯವಾಗಿ ನಿಮಗೆ ದುಬಾರಿ.

ಇನ್ನೊಂದು ದಾರಿ ಗಿಫ್ಟ್ ಕಾರ್ಡ್. ಕೊಂಬಿನಿಯಲ್ಲೇ ನಗದು ಕೊಟ್ಟು ಅಮೆಜಾನ್ ಕಾರ್ಡ್ ಕೊಂಡು, ಕಾರ್ಡಿನ ಹಿಂಬದಿಯಲ್ಲಿರುವ ಕೋಡನ್ನು ನಿಮ್ಮ ಅಮೆಜಾನ್ ಖಾತೆಗೆ ಸೇರಿಸಿದರೆ ಆಯಿತು. ಜಪಾನಿನ ಕಾರ್ಡ್ ಭಾರತದ ಅಮೆಜಾನ್‌ನಲ್ಲಿ ನಡೆಯುವುದಿಲ್ಲ. ದೊಡ್ಡ ಮೊತ್ತದ ಕಾರ್ಡ್ ಕೊಂಡರೆ ಕೌಂಟರಿನವರು ಯಾಕೆ ಎಂದು ವಿಚಾರಿಸಬಹುದು. ಬೇಜಾರಾಗಬೇಡಿ. ಫೋನಿನಲ್ಲಿ ಹೆದರಿಸಿ, ಕಾರ್ಡ್ ಕೊಳ್ಳಿಸಿ, ಕೋಡ್ ಓದಿಸಿಕೊಳ್ಳುವ ವಂಚನೆ ಅಲ್ಲಿ ಜಾಸ್ತಿ.

ಸಾಮಾನು ಬಂದಾಗ ದುಡ್ಡು ಕೊಡುವ ಪದ್ಧತಿಗೆ ಅಲ್ಲಿ ದೈಬಿಕಿ ಅನ್ನುತ್ತಾರೆ. ಅಮೆಜಾನ್ ಜಪಾನ್ ಇದನ್ನು 2024ರಲ್ಲಿ ನಿಲ್ಲಿಸಿತು. ಬೇರೆ ಕೆಲವು ಅಂಗಡಿಗಳಲ್ಲಿ ಇನ್ನೂ ಇದೆ, ಆದರೆ ಪ್ರತಿ ಸಲ ಬೇರೆ ಶುಲ್ಕ ತೆರಬೇಕು.

ಬಟ್ಟೆ, ಚಪ್ಪಲಿಯಂಥ ವಾಪಸ್ ಮಾಡುವ ಸಾಧ್ಯತೆ ಇರುವ ಸಾಮಾನಿಗೆ ಮಾತ್ರ ಕೊಂಬಿನಿ ಪಾವತಿ ಅಷ್ಟು ಹಿತವಲ್ಲ. ನಗದು ಕಟ್ಟಿದ್ದಕ್ಕೆ ನಗದು ವಾಪಸ್ ಬರುವುದಿಲ್ಲ. ಅಂಗಡಿಯವರು ಜಪಾನಿನ ಬ್ಯಾಂಕ್ ಖಾತೆ ಕೇಳುತ್ತಾರೆ, ಇಲ್ಲವೇ ತಮ್ಮಲ್ಲೇ ಗಿಫ್ಟ್ ಬ್ಯಾಲೆನ್ಸ್ ಕೊಡುತ್ತಾರೆ. ಹಿಂದಿರುಗಿಸುವ ನಿಯಮವನ್ನು ಆರ್ಡರ್ ಮಾಡುವ ಮೊದಲೇ ಓದಿಕೊಳ್ಳಿ.